ನನ್ನ ತಪ್ಪು ಇಂಗ್ಲಿಷನ್ನು ಪೂರ್ತಿ ಕೇಳಿಸಿಕೊಂಡವರಿಗೆ

ಹೋದ ವಾರ ಬಿ.ಇಡಿ ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂತು. ಪಾಸಾಗಿದ್ದೇನೆ, ಪ್ರಥಮ ದರ್ಜೆ. ಅದಾಗಿ ಎರಡೇ ದಿನಕ್ಕೆ ನಮ್ಮೂರ ಹತ್ತಿರದ ಸರ್ಕಾರಿ ಹೈಸ್ಕೂಲಿನಿಂದ ಕರೆ ಬಂತು: ಅತಿಥಿ ಶಿಕ್ಷಕಿಯಾಗಿ ಎಂಟರಿಂದ ಹತ್ತನೆಯವರೆಗೆ ಇಂಗ್ಲಿಷ್ ಪಾಠ ಮಾಡಬೇಕು. ಫೋನ್ ಮಾಡಿದವರಿಗೆಲ್ಲ ‘ಥ್ಯಾಂಕ್ಸ್ ರೀ’ ಅಂದು ಇಟ್ಟುಬಿಟ್ಟಿದ್ದೆ. ರಾತ್ರಿ ಕೂತು ಯೋಚಿಸಿದರೆ ಅಷ್ಟಕ್ಕೇ ಬಿಡುವ ಋಣ ಇದಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗದಗ ಜಿಲ್ಲೆಯ ಹಳ್ಳಿಯವಳು. ನಮ್ಮ ಕಾಲಕ್ಕೆ ಕನ್ನಡ ಸಾಲಿಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ಇಯತ್ತೆಗೆ. ಒಂದನೆಯಿಂದಲೇ ಕಲಿಸುವ ಪದ್ಧತಿ 2007ರಲ್ಲಿ ಬಂದಾಗ ನಾನು ಹೈಸ್ಕೂಲು ಸೇರಿಯಾಗಿತ್ತು. ಮುಂದೆ ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡೆ. ಬರೆಯಲು ಬರುತ್ತಿತ್ತು, ಅಂಕವೂ ಬರುತ್ತಿದ್ದವು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಮೊದಲ ವರ್ಷ ಉಪನ್ಯಾಸಕರೊಬ್ಬರು ನನ್ನನ್ನು ಎಬ್ಬಿಸಿ ಓದಿಸಿದ್ದರು. ‘ಎವ್ರಿ’ ಇದ್ದದ್ದನ್ನು ‘ಯೆವ್ರಿ’ ಅಂದೆ, ‘ಓನ್ಲಿ’ ಇದ್ದದ್ದನ್ನು ‘ವೋನ್ಲಿ’ ಅಂದೆ. ಅವರು ಅದನ್ನು ನನ್ನ ಧಾಟಿಯಲ್ಲೇ ಎರಡು ಸಲ ಅಂದು ತೋರಿಸಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ವಾಕ್ಯ ಇನ್ನೂ ಅರ್ಧ ಉಳಿದಿತ್ತು, ಕೂತುಬಿಟ್ಟೆ. ಆ ಮೂರು ವರ್ಷ ಮತ್ತೆ ಏಳಲಿಲ್ಲ. ಆಮೇಲೆ ಮದುವೆ, ಮಗಳು, ಮನೆ. ಎಂಟು ವರ್ಷ ಹೋದವು.

ಮತ್ತೆ ಓದಲು ಹಚ್ಚಿದವಳು ಅವ್ವ. ಅವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾಳೆ. ನಸುಕಿನಲ್ಲೇ ಎದ್ದು ಎಸರಿಟ್ಟು, ಹಿಟ್ಟು ನಾದಿ, ಬಡಿಯಲು ಕೂತರೆ ಬಿಸಿಲೇರುವತನಕ ಆ ಸಪ್ಪಳ ನಿಲ್ಲುವುದಿಲ್ಲ. ಬಿ.ಇಡಿ 2015ರಿಂದ ಎರಡು ವರ್ಷದ್ದಾಗಿದೆ, ಎರಡು ವರ್ಷ ಮನೆ ಬಿಟ್ಟಿರುವುದು ಹೆಂಗ ಅಂದೆ. ‘ಸಾಲಿ ಅಕ್ಕೋರ ಆಕ್ಕೇನಿ ಅಂತ ಸಣ್ಣಾಕಿ ಇದ್ದಾಗ ನೀನ ಅಂತಿದ್ದಿ. ಫೀ ನಂದು, ಓದು ನಿಂದು’ ಅಂದಳು. ಖಡಕ್ ರೊಟ್ಟಿ ಮಾರಿದ ದುಡ್ಡನ್ನು ಹಳೆಯ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಕೊಟ್ಟಳು. ಮಗಳನ್ನು ನೋಡಿಕೊಳ್ಳುವ ಜವಾಬ್ದಾರಿ ನಮ್ಮ ಅತ್ತೆಯವರು ತಾವಾಗಿ ಹೊತ್ತರು. ಪ್ರತಿ ಶನಿವಾರ ಸಂಜೆ ಮಗಳನ್ನು ಕರೆದುಕೊಂಡು ಗದಗ ಸ್ಟೇಶನ್ನಿಗೆ ಬಂದು ನಿಲ್ಲುತ್ತಿದ್ದವರು ನನ್ನ ಯಜಮಾನರು. ಈ ಮೂವರಿಗೆ ಏನು ಬರೆದರೂ ಕಡಿಮೆಯೇ.

ವಾರವೆಲ್ಲ ಹುಬ್ಬಳ್ಳಿಯಲ್ಲಿ, ಉಣಕಲ್ಲಿನ ಅಕ್ಕನ ಮನೆಯಲ್ಲಿದ್ದೆ. ಅಲ್ಲಿಂದ ಧಾರವಾಡದ ಬಿ.ಇಡಿ ಕಾಲೇಜಿಗೆ ದಿನಾ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು. ಲೆಸನ್ ಪ್ಲಾನ್ ಬುಕ್ ಎದೆಗೆ ಒತ್ತಿಕೊಂಡು, ನವಲೂರು ದಾಟಿ ಜುಬಿಲಿ ಸರ್ಕಲ್ ಬರುವಷ್ಟರಲ್ಲಿ ಅವತ್ತಿನ ಪಾಠವನ್ನು ಮನಸ್ಸಿನಲ್ಲೇ ಎರಡು ಸಲ ಮಾಡಿ ಮುಗಿಸುತ್ತಿದ್ದೆ. ಮನಸ್ಸಿನಲ್ಲಿ ಯಾವತ್ತೂ ತಪ್ಪುತ್ತಿರಲಿಲ್ಲ.

ತಪ್ಪಿದ್ದು ಮೈಕ್ರೋ ಟೀಚಿಂಗಿನಲ್ಲಿ. ಇದನ್ನು ಬಿ.ಇಡಿ ಮಾಡದವರಿಗೆ ಹೇಳಬೇಕು: ಆರು ನಿಮಿಷದ ಪಾಠ, ಒಂದೇ ಕೌಶಲ. ನಮ್ಮ ಜೊತೆಯವರೇ ಮಕ್ಕಳಾಗಿ ಎದುರು ಕೂರುತ್ತಾರೆ. ಮುಗಿದ ಮೇಲೆ ಎಲ್ಲಿ ಸರಿಯಿತ್ತು, ಎಲ್ಲಿ ಕೆಟ್ಟಿತು ಅಂತ ಹೇಳುತ್ತಾರೆ. ಪಾಠವನ್ನು ತಿದ್ದಿ ಬರೆದು ಮತ್ತೆ ಆರು ನಿಮಿಷ ಮಾಡಬೇಕು. ನನ್ನ ಮೊದಲನೆಯದು ಪೀಠಿಕೆ ಹಾಕುವ ಕೌಶಲ. ಎರಡನೇ ನಿಮಿಷಕ್ಕೇ ಮಾತು ನಿಂತಿತು. ಹಳೆಯ ನಗು ಕಿವಿಯಲ್ಲಿ ಕೇಳಿದಂತಾಗಿ ಕೈಯಲ್ಲಿದ್ದ ಚಾಕ್‌ಪೀಸು ಮುರಿಯಿತು. ಇಂಗ್ಲಿಷ್ ಪಾಠ ಮಾಡುವ ವಿಧಾನ ಕಲಿಸುತ್ತಿದ್ದ ನಮ್ಮ ಮೆಥಡ್ ಮೇಡಂ ಹಿಂದೆ ಕೂತಿದ್ದರು. ಶಬ್ದ ಎತ್ತಿಕೊಡಲಿಲ್ಲ, ‘ಕೂಡ್ರಿ’ ಅನ್ನಲಿಲ್ಲ. ಪೆನ್ನು ಕೆಳಗಿಟ್ಟರು. ‘ಸಾವಕಾಶ ಹೇಳ್ರಿ. ನಾವೇನು ಎಲ್ಲೂ ಹೊಂಟಿಲ್ಲ’ ಅಂದರು. ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆನೋ ಗೊತ್ತಿಲ್ಲ. ಒಬ್ಬರೂ ಮಿಸುಕಲಿಲ್ಲ, ಒಬ್ಬರೂ ಮೊಬೈಲ್ ನೋಡಲಿಲ್ಲ. ಆ ವಾಕ್ಯ ಕೊನೆಗೂ ಹೊರಬಂತು, ವ್ಯಾಕರಣ ತಪ್ಪಿಯೇ ಬಂತು. ಆಮೇಲೂ ಮೇಡಂ ಮೊದಲು ಹೇಳಿದ್ದು ಪೀಠಿಕೆ ಚಲೋ ಇತ್ತು ಅಂತ. ವ್ಯಾಕರಣದ ತಪ್ಪನ್ನು ಚೀಟಿಯಲ್ಲಿ ಬರೆದು ಪುಸ್ತಕದೊಳಗಿಟ್ಟು ಕೊಟ್ಟಿದ್ದರು, ಯಾರಿಗೂ ಕಾಣದಂತೆ. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಮೇಡಂ, ನಿಮಗೆ ಇದು ನೆನಪಿರಲಿಕ್ಕಿಲ್ಲ. ನನ್ನ ಎರಡು ವರ್ಷದ ಓದು ನಿಂತದ್ದು ಅದರ ಮೇಲೆ.

ಒಂದು ದಿನ ಮೇಡಂ ತಾವೇ ಕವಿ ವಿ.ಕೃ. ಗೋಕಾಕರ ಮಾತು ತೆಗೆದರು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಜೀವನವಿಡೀ ಇಂಗ್ಲಿಷ್ ಕಲಿಸಿದವರು. ಕನ್ನಡಕ್ಕೆ 1990ರ ಜ್ಞಾನಪೀಠ ತಂದವರೂ ಅವರೇ. ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದ ವರದಿಗೂ ಅವರದೇ ಹೆಸರು. ‘ನಿಮ್ಮ ಕನ್ನಡ ಗಟ್ಟಿ ಐತಿ, ಅದರ ಮ್ಯಾಲ ನಿಂತು ಕಲಸ್ರಿ’ ಅಂದಿದ್ದರು ಮೇಡಂ.

ಆ ಮಾತು ಕೈಗೆ ಹತ್ತಿದ್ದು ಇಂಟರ್ನ್‌ಶಿಪ್ಪಿನಲ್ಲಿ, ಧಾರವಾಡದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನ ಒಂಬತ್ತನೇ ಇಯತ್ತೆಯಲ್ಲಿ. ಡಸ್ಟರನ್ನು ಮೇಜಿನ ಮೇಲಿಟ್ಟು ‘ವೇರ್ ಈಸ್ ದ ಡಸ್ಟರ್?’ ಅಂದೆ. ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು ‘ಟೇಬಲ್ ಆನ್’ ಅಂದ. ಉಳಿದವರು ನಗಲು ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ. ಅವನ ತಲೆಯಲ್ಲಿ ಏನು ನಡೆದಿತ್ತು ಅಂತ ನನಗೆ ಕಂಡಂತಾಯಿತು. ಬೋರ್ಡಿನ ಮೇಲೆ ‘ಮೇಜಿನ ಮೇಲೆ’ ಅಂತ ಬರೆದೆ, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಆನ್ ದ ಟೇಬಲ್’ ಬರೆದೆ. ‘ಮೇಲೆ’ಯಿಂದ ‘ಆನ್’ಗೆ ಒಂದು ಗೆರೆ, ‘ಮೇಜಿ’ನಿಂದ ‘ಟೇಬಲ್ಲಿ’ಗೆ ಇನ್ನೊಂದು ಗೆರೆ ಎಳೆಯಲು ಅವನಿಗೇ ಹೇಳಿದೆ. ಎರಡೂ ಗೆರೆ ನಡುವೆ ಕತ್ತರಿಯಾದವು. ಅವನು ಅದನ್ನೇ ನೋಡುತ್ತ ನಿಂತ. ಮರುದಿನ ಪ್ರಾರ್ಥನೆಗೂ ಮೊದಲೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. ‘ಟೀಚರ್, ಕನ್ನಡದಾಗ ಹಿಂದ ಬರೂದು ಇಂಗ್ಲಿಷಿನ್ಯಾಗ ಮುಂದ ಬರತೈತಿ. ಒಳಗ, ಕೆಳಗ, ಎಲ್ಲಾ ಹಂಗ. ಹೌದಲ್ರೀ?’ ಮನೆಯಲ್ಲಿ ಕೂತು ತಾನೇ ಲೆಕ್ಕ ಹಾಕಿಕೊಂಡು ಬಂದಿದ್ದ. ಅವತ್ತಿನ ಡೈರಿಯಲ್ಲಿ ಎರಡು ಪುಟ ಅವನದೇ ಇದೆ. ಮಗನೇ, ನೀನು ಈಗ ಹತ್ತನೇ ದಾಟಿರಬೇಕು. ನಾನು ಟೀಚರ್ ಆದೆ ಅಂತ ನನಗೆ ಮೊದಲು ನಂಬಿಕೆ ಬಂದದ್ದು ಆ ಬೆಳಿಗ್ಗೆ.

ಅದೇ ಮಕ್ಕಳಿಗೆ ಉಚ್ಚಾರಣೆ ಹೇಳಿಕೊಡುವಾಗ ಅವ್ವನ ರೊಟ್ಟಿ ಸಪ್ಪಳ ಉಪಯೋಗಕ್ಕೆ ಬಂತು. ನಾವು ಕನ್ನಡದವರು ಇಂಗ್ಲಿಷಿನ ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಓದುತ್ತೇವೆ. ಇಂಗ್ಲಿಷಿನಲ್ಲಿ ಒಂದು ಕಡೆ ಒತ್ತು ಬೀಳಬೇಕು, ಮಿಕ್ಕದ್ದು ಹಗುರಾಗಿ ಹೋಗಬೇಕು. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲಿಗೆ, ‘ಫೊಟಾಗ್ರಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ರೊಟ್ಟಿ ಬಡಿಯುವಾಗ ಅವ್ವನ ಅಂಗೈ ಒಂದು ಸಲ ಜೋರಾಗಿ ಬಿದ್ದು, ಆಮೇಲೆ ಬೆರಳು ಹಗುರಾಗಿ ರೊಟ್ಟಿ ತಿರುಗಿಸುತ್ತವೆ. ಮಕ್ಕಳಿಗೆ ಬೆಂಚಿನ ಮೇಲೆ ಹಾಗೇ ಬಡಿಯಲು ಹೇಳಿದೆ. ಸುಮಾರು ನಲವತ್ತು ಮಕ್ಕಳು ಒಟ್ಟಿಗೆ ರೊಟ್ಟಿ ಬಡಿದರು. ಪಕ್ಕದ ಕ್ಲಾಸಿನ ಗಣಿತದ ಸರ್ ಬಂದು ಬಾಗಿಲಲ್ಲಿ ನಿಂತರು. ವಿಷಯ ಹೇಳಿದೆ. ಬೈಯಲಿಲ್ಲ, ಬಾಗಿಲು ಎಳೆದುಕೊಂಡು ಹೋದರು. ಅವರಿಗೂ ನನ್ನ ನಮಸ್ಕಾರ.

ಹತ್ತನೇ ಇಯತ್ತೆಯ 80 ಅಂಕದ ಪ್ರಶ್ನೆಪತ್ರಿಕೆಗೆ ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ನೀಲನಕ್ಷೆ ಹಾಕುವುದನ್ನು ಮೂರು ರಾತ್ರಿ ಕೂತು ಕಲಿಸಿದ ಗೆಳತಿಯರು, ಸಾಲಕ್ಕೂ ಚಾರ್ಟ್ ಪೇಪರ್ ಕೊಟ್ಟ ಕಾಲೇಜಿನೆದುರಿನ ಝೆರಾಕ್ಸ್ ಅಂಗಡಿಯ ಅಣ್ಣ, ರಾತ್ರಿ ಅಡುಗೆಮನೆಯಲ್ಲಿ ನನ್ನ ಎಲ್ಲ ಪಾಠಗಳಿಗೂ ವಿದ್ಯಾರ್ಥಿಯಾಗಿ ಕೂತ ಅಕ್ಕ, ನಿಮ್ಮನ್ನೆಲ್ಲ ಎದುರಿಗೇ ಬಂದು ಕಾಣುತ್ತೇನೆ.

ಹೊಸ ಸಾಲಿಯಲ್ಲಿ ಇದು ನಾಲ್ಕನೇ ದಿನ. ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ನಿನ್ನೆ ಎದ್ದು ನಿಂತು ‘ಮೈ ವಿಲೇಜ್…’ ಅಂದು ನಿಲ್ಲಿಸಿದಳು. ‘ನಂಗ ಬರಂಗಿಲ್ರೀ ಅಕ್ಕೋರ’ ಅಂದಳು. ನಾನು ಚಾಕ್‌ಪೀಸು ಕೆಳಗಿಟ್ಟೆ. ‘ಸಾವಕಾಶ ಹೇಳವಾ, ನಾವೇನು ಎಲ್ಲೂ ಹೊಂಟಿಲ್ಲ’ ಅಂದೆ. ವಾಕ್ಯ ನಿನ್ನೆ ಮುಗಿಯಲಿಲ್ಲ. ನಾಳೆ ಮತ್ತೆ ಕೇಳುತ್ತೇನೆ ಅಂದಿದ್ದೇನೆ.

ಬರುವ ರವಿವಾರ ಧಾರವಾಡಕ್ಕೆ ಬರುತ್ತಿದ್ದೇನೆ. ಅವ್ವ ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಡುತ್ತಿದ್ದಾಳೆ. ಮೇಡಂ, ಅದರಲ್ಲಿ ಮೊದಲ ಗಂಟು ನಿಮ್ಮ ಮನೆಗೆ.