ಆ ರಾತ್ರಿ ಎದುರಿಗೆ ಕುಳಿತಿದ್ದವರಿಗೆ

ಕಳೆದ ವಾರ ನಾನು ನಮ್ಮ ಸಂಸ್ಥೆಯ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆಯಾಗಿ ಅಧಿಕಾರ ವಹಿಸಿಕೊಂಡೆ. ಅಂದಿನಿಂದ ಬರುತ್ತಿರುವ ಶುಭಾಶಯಗಳಿಗೆ ಒಂದೆರಡು ಪದಗಳಲ್ಲಿ ಉತ್ತರಿಸಿ ಸುಮ್ಮನಾಗಲು ಮನಸ್ಸು ಒಪ್ಪುತ್ತಿಲ್ಲ. ಎರಡು ವರ್ಷಗಳ ಹಿಂದೆ ಇದೇ ವಿಭಾಗದಿಂದ ತಲೆ ತಗ್ಗಿಸಿಕೊಂಡು ಹೊರಬೀಳಬೇಕಾಗಿದ್ದವಳು ಇಂದು ಈ ಕುರ್ಚಿಯಲ್ಲಿ ಕುಳಿತಿದ್ದೇನೆ ಎಂದರೆ ಅದರ ಹಿಂದೆ ಕೆಲವು ಹಿರಿಯರ ಋಣವಿದೆ. ಅದನ್ನು ಎಲ್ಲರೆದುರು ಹೇಳಿಕೊಳ್ಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಆ ವರ್ಷ ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು; ಕಚೇರಿಯಲ್ಲಿ ನಮ್ಮ ಲೆಕ್ಕದ ಪುಸ್ತಕ ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆಯಾಗದೆ ನನ್ನ ಮೇಲೆ ವಿಚಾರಣೆ ನಡೆಯಿತು. ಉಳಿದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದರಿಂದ ಆ ವಿವರಗಳಿಗೆ ಮತ್ತೆ ಹೋಗುವುದಿಲ್ಲ.

ಅಪ್ಪನ ಹಾಸಿಗೆಯ ಪಕ್ಕದಲ್ಲಿ ನನ್ನ ಬದಲಿಗೆ ಕುಳಿತ ಅಮ್ಮ ಮತ್ತು ಚಿಕ್ಕಪ್ಪ, ನನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡ ಸಹೋದ್ಯೋಗಿಗಳು, ಮಕ್ಕಳನ್ನು ಶಾಲೆಗೆ ಕಳುಹಿಸಿದ ಪಕ್ಕದ ಮನೆಯವರು, ಏನನ್ನೂ ಕೇಳದೆ ಜೊತೆಗಿದ್ದ ನನ್ನ ಯಜಮಾನರು, ಇವರೆಲ್ಲರಿಗೂ ನನ್ನ ಹೃತ್ಪೂರ್ವಕ ನಮಸ್ಕಾರಗಳು. ಸಿಟ್ಟಿನಲ್ಲಿ ಬರೆದ ಪತ್ರವನ್ನು ಒಂದು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಮತ್ತೊಮ್ಮೆ ಓದಬೇಕೆಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೇಳಿಕೊಟ್ಟ ನನ್ನ ಮೊದಲ ವ್ಯವಸ್ಥಾಪಕರನ್ನೂ ನೆನೆಯುತ್ತೇನೆ. ಆ ವರ್ಷ ನಾನು ಬರೆದು ಕಳುಹಿಸದೇ ಉಳಿದ ಪತ್ರಗಳು ಏಳು. ಅವುಗಳಲ್ಲಿ ಒಂದು ನನ್ನ ರಾಜೀನಾಮೆ.

ಉಳಿದ ಮಾತೆಲ್ಲ ಅಕ್ಕನವರ ಕುರಿತು. ಹೆಸರು ಬರೆಯುವುದು ಬೇಡವೆಂದು ಅವರು ಹೇಳಿರುವುದರಿಂದ, ವಿಭಾಗದವರೆಲ್ಲ ಕರೆಯುತ್ತಿದ್ದಂತೆ ಅಕ್ಕ ಎಂದೇ ಬರೆಯುತ್ತೇನೆ. ನಾನು ಕೆಲಸಕ್ಕೆ ಸೇರಿದಾಗ ಅವರು ಹಿರಿಯ ಲೆಕ್ಕಾಧಿಕಾರಿಯಾಗಿದ್ದರು; ಈ ಘಟನೆ ನಡೆಯುವ ಹೊತ್ತಿಗೆ ನಿವೃತ್ತರಾಗಿ ಆರು ವರ್ಷಗಳಾಗಿದ್ದವು. ನಾನು ಹೇಳಹೊರಟಿರುವ ಆ ರಾತ್ರಿ ಕಳೆದರೆ, ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ವಿಚಾರಣಾ ಸಮಿತಿಯ ಮುಂದೆ ಲಿಖಿತ ವಿವರಣೆ ಕೊಡಬೇಕಿತ್ತು. ಉಳಿದ ವ್ಯತ್ಯಾಸಗಳೆಲ್ಲ ಬಗೆಹರಿದಿದ್ದರೂ ನಮ್ಮ ಪುಸ್ತಕಕ್ಕೂ ಬ್ಯಾಂಕಿನ ಪಟ್ಟಿಗೂ ನಡುವೆ 6,300ರ ಅಂತರ ಮಾತ್ರ ಹಾಗೆಯೇ ಉಳಿದಿತ್ತು. ಮೊತ್ತ ಚಿಕ್ಕದು, ಅದರ ಸುತ್ತ ಬೆಳೆದಿದ್ದ ಸಂಶಯ ದೊಡ್ಡದು. ರಾತ್ರಿ ಒಂಬತ್ತಕ್ಕೆ, ಏನು ಕೇಳಬೇಕೆಂಬುದೂ ತೋಚದೆ ಅವರಿಗೆ ಫೋನ್ ಮಾಡಿದೆ. "ಎಲ್ಲಿದ್ದೀಯಮ್ಮ?" ಎಂದಷ್ಟೇ ಕೇಳಿದರು. ಮುಕ್ಕಾಲು ಗಂಟೆಯೊಳಗೆ ಮೆಟ್ಟಿಲು ಹತ್ತಿ ಬಂದಿದ್ದರು.

ಅವರು ಬಂದು ಎಲ್ಲವನ್ನೂ ಸರಿಪಡಿಸುತ್ತಾರೆಂದು ನಾನು ಎಣಿಸಿದ್ದೆ. ಅವರು ಮೇಜಿನ ಆಚೆ ಬದಿಗೆ ಕುರ್ಚಿ ಎಳೆದುಕೊಂಡು ಕುಳಿತರು. ಸಂಸ್ಥೆಯ ಪುಸ್ತಕಗಳನ್ನು ನೋಡುವ ಅಧಿಕಾರ ತಮಗೀಗ ಇಲ್ಲವೆಂದು ಹೇಳಿ, ಆ ರಾತ್ರಿಯಿಡೀ ಕಂಪ್ಯೂಟರಿನ ಪರದೆಯತ್ತ ಕಣ್ಣು ಹಾಯಿಸಲೂ ಇಲ್ಲ. ನಿಯಮ ಮುರಿದರೆ ಯಾರೂ ಕೇಳುವವರಿಲ್ಲದ ಹೊತ್ತಿನಲ್ಲಿ, ನಾನು ಅಳುವ ಸ್ಥಿತಿಯಲ್ಲಿದ್ದಾಗಲೂ ಅವರು ಆ ಗೆರೆ ದಾಟಲಿಲ್ಲ. ಪ್ರಾಮಾಣಿಕತೆಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ. ಹೀಗೆ ಪಕ್ಕಕ್ಕೆ ತಿರುಗಿಸಿಟ್ಟ ಕುರ್ಚಿಯಷ್ಟು ಸ್ಪಷ್ಟವಾಗಿ ಅದನ್ನು ನನಗೆ ಯಾರೂ ತಿಳಿಸಿಕೊಟ್ಟಿಲ್ಲ.

"ವ್ಯತ್ಯಾಸ ಎಷ್ಟು?" ಎಂದರು. ಹೇಳಿದೆ. "ಒಂಬತ್ತರಿಂದ ಭಾಗಿಸಿ ನೋಡು." ಏಳುನೂರು ಬಂದಿತು, ಶೇಷವಿಲ್ಲ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಹುಟ್ಟುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂಬುದನ್ನು ನಾನು ಓದಿದ್ದೆ, ಆದರೆ ಆ ರಾತ್ರಿ ಅದು ನೆನಪಿನಲ್ಲೇ ಇರಲಿಲ್ಲ. "ಹಾಗಾದರೆ ಸಾವಿರದ ಸ್ಥಾನಕ್ಕೂ ನೂರರ ಸ್ಥಾನಕ್ಕೂ ಏಳರ ಅಂತರವಿರುವ ಮೊತ್ತ ಹುಡುಕು, ಸಿಕ್ಕರೂ ಸಿಗಬಹುದು" ಎಂದರು. ಕಂಪ್ಯೂಟರಿನಲ್ಲಿ ಎರಡೂ ಕಡೆಗೆ ಒಂದೇ ತಪ್ಪು ಅಂಕಿ ಬಿದ್ದಿದ್ದರೆ ಜಮಾ ಖರ್ಚು ತಾಳೆಯಾಗಿಬಿಡುತ್ತದೆ, ಹೊರಗಿನ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಆ ತಪ್ಪು ಕಣ್ಣಿಗೆ ಬೀಳುತ್ತದೆ ಎಂಬುದನ್ನೂ ಅವರೇ ನೆನಪಿಸಿದರು. ನಾವು ಬಳಸುವ ತಂತ್ರಾಂಶವನ್ನು ಅವರು ಒಮ್ಮೆಯೂ ಬಳಸಿದವರಲ್ಲ. ಹೊಸದನ್ನು ಥಟ್ಟನೆ ಗ್ರಹಿಸುವ ಬುದ್ಧಿಯನ್ನೂ ಅನುಭವದಿಂದ ಹರಳುಗಟ್ಟಿದ ಬುದ್ಧಿಯನ್ನೂ ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ಬೇರೆಬೇರೆಯಾಗಿ ವಿಂಗಡಿಸಿದ್ದರು. ಮೊದಲನೆಯದು ವಯಸ್ಸಿನೊಂದಿಗೆ ಇಳಿಯುತ್ತ ಬಂದರೂ ಎರಡನೆಯದು ಬಹುಕಾಲ ಉಳಿಯುತ್ತದೆ. ಆ ಎರಡನೆಯ ಬುದ್ಧಿ ನನ್ನ ಎದುರಿಗೆ, ಕೈಕಟ್ಟಿ ಕುಳಿತಿತ್ತು.

ರಾತ್ರಿ ಒಂದೂವರೆಯ ಸುಮಾರಿಗೆ ಅದು ಸಿಕ್ಕಿತು. 48,150 ಆಗಬೇಕಿದ್ದ ಪಾವತಿ 41,850 ಎಂದು ದಾಖಲಾಗಿತ್ತು. ನಮೂದಿಸಿದವನು ನನ್ನ ಕೈಕೆಳಗಿನ, ಕೆಲಸಕ್ಕೆ ಸೇರಿ ಐದು ತಿಂಗಳೂ ಆಗಿರದ ಹುಡುಗ. ಪರಿಶೀಲಿಸಿ ಒಪ್ಪಿಗೆ ಕೊಟ್ಟವಳು ನಾನು.

ನನ್ನ ಬಾಯಿಂದ ಬಂದ ಮೊದಲ ಮಾತು, "ಸದ್ಯ, ಇದು ನನ್ನ ತಪ್ಪಲ್ಲ" ಎಂಬುದು. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಆ ಕ್ಷಣದ ಸಂತೋಷ ನಿಜವಾದದ್ದಾಗಿತ್ತು. ಆ ಹುಡುಗನ ಮುಖ ನನ್ನ ಮನಸ್ಸಿಗೆ ಬಂದೇ ಇರಲಿಲ್ಲ.

ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಮೂವತ್ತು ವರ್ಷಗಳ ಹಿಂದೆ ತಮ್ಮ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳ ವಿಷಯ ಹೇಳಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಗಲೂ ಇಂಥದ್ದೇ ಒಂದು ತಪ್ಪು ಆಗಿತ್ತು. ಬರೆದವಳು ಆ ಹುಡುಗಿ, ನೋಡಿ ಸಹಿ ಹಾಕಿದವರು ಅಕ್ಕ. ವರದಿಯಲ್ಲಿ ಅಕ್ಕ ಆ ಹುಡುಗಿಯ ಹೆಸರನ್ನು ಮಾತ್ರ ಬರೆದರು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತಿಂಗಳೊಳಗೆ ಅವಳು ಕೆಲಸ ಬಿಟ್ಟುಹೋದಳು. "ಮುಂದಿನ ವರ್ಷ ನನಗೆ ಬಡ್ತಿ ಸಿಕ್ಕಿತು. ಅವಳ ವಿಳಾಸ ಸಿಗಲಿಲ್ಲ. ಬಹಳ ಹುಡುಕಿದೆ ಕಣಮ್ಮ" ಎಂದರು. ಅಷ್ಟು ಹೇಳಿ, ನಾನು ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ.

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಬೆಳಗಿನ ಜಾವ ವಿವರಣೆಯನ್ನು ಬರೆಯಲು ಕುಳಿತಾಗ ನಾಲ್ಕು ಸಲ ಹೊಡೆದುಹಾಕಿ ಐದನೆಯ ಸಲಕ್ಕೆ ಮೊದಲ ವಾಕ್ಯ ನಿಂತಿತು: "ಈ ನಮೂದನ್ನು ಪರಿಶೀಲಿಸಿ ಒಪ್ಪಿಗೆ ನೀಡಿದವಳು ನಾನು, ಇದರ ಹೊಣೆ ನನ್ನದು." ಅಕ್ಕ ಅದನ್ನೂ ಓದಲಿಲ್ಲ, ನಾನೇ ಗಟ್ಟಿಯಾಗಿ ಓದಿ ಹೇಳಿದಾಗ ತಲೆಯಾಡಿಸಿದರು. ಹುಡುಗನನ್ನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕರೆದು ನಡೆದದ್ದನ್ನು ತಿಳಿಸಿದೆ. ಸಮಿತಿ ಎಚ್ಚರಿಕೆ ನೀಡಿ ವಿಷಯವನ್ನು ಮುಗಿಸಿತು. ಆ ಹುಡುಗ ಇಂದು ನಮ್ಮ ವಿಭಾಗದಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಿದ್ದಾನೆ. ಅವನ ಒಪ್ಪಿಗೆಯೂ ಈ ಬರಹಕ್ಕಿದೆ.

ಹಿರಿಯರು ಹೇಳಿದ್ದೆಲ್ಲವೂ ಸರಿಯೆಂದು ನಾನು ಹೇಳಲಾರೆ. ಅದೇ ವಾರ ಅಷ್ಟೇ ವಯಸ್ಸಿನ, ಅಷ್ಟೇ ಪ್ರೀತಿಯುಳ್ಳ ಇನ್ನೊಬ್ಬರು, ಏನನ್ನೂ ಒಪ್ಪಿಕೊಳ್ಳಬೇಡ, ಕಾಲವೇ ಎಲ್ಲವನ್ನೂ ಮರೆಸುತ್ತದೆ ಎಂದು ಕಿವಿಮಾತು ಹೇಳಿದ್ದರು. ಅವರ ಅಕ್ಕರೆಗೆ ಋಣಿಯಾಗಿದ್ದೇನೆ, ಅವರ ಮಾತು ಕೇಳದಿದ್ದುದಕ್ಕೆ ನೆಮ್ಮದಿಯಿಂದಿದ್ದೇನೆ. ವಯಸ್ಸಾದವರೆಲ್ಲ ತಮ್ಮ ಗೆಲುವುಗಳನ್ನು ನಮಗೆ ಹೇಳುತ್ತಾರೆ, ಮತ್ತು ಅವುಗಳಿಂದ ಕಲಿಯುವುದೂ ಇದೆ. ಆದರೆ ಮೂವತ್ತು ವರ್ಷ ಮುಚ್ಚಿಟ್ಟುಕೊಂಡ ಸೋಲನ್ನು ಕಿರಿಯಳೊಬ್ಬಳ ಮುಂದೆ ಬಿಚ್ಚಿಡುವುದಕ್ಕೆ ಬೇಕಾದ ಧೈರ್ಯ ಎಲ್ಲರಲ್ಲೂ ಇರುವುದಿಲ್ಲ. ಅಕ್ಕ ಅದನ್ನು ಹೇಳದಿದ್ದರೆ ನಾನು ಸುಳ್ಳಿಲ್ಲದ ಒಂದು ವರದಿ ಬರೆದು, ಬಹುಶಃ ಇದೇ ಕುರ್ಚಿಗೆ ಇನ್ನೊಂದು ದಾರಿಯಿಂದ ಬಂದಿರುತ್ತಿದ್ದೆ.

ಮನುಷ್ಯನ ಬದುಕನ್ನು 1950ರಲ್ಲಿ 8 ಹಂತಗಳಾಗಿ ವಿವರಿಸಿದ ಮನೋವಿಜ್ಞಾನಿ ಎರಿಕ್ ಎರಿಕ್ಸನ್, ಮುಂದಿನ ತಲೆಮಾರನ್ನು ಕೈಹಿಡಿದು ಬೆಳೆಸುವುದನ್ನೇ ನಡುವಯಸ್ಸಿನ ಮುಖ್ಯ ಹೊಣೆಯೆಂದು ಗುರುತಿಸಿದ್ದರು. ನನಗೀಗ ನಲವತ್ತನಾಲ್ಕು. ಅಧಿಕಾರ ವಹಿಸಿಕೊಂಡ ದಿನ ವಿಭಾಗದ ಒಂಬತ್ತು ಮಂದಿಯನ್ನೂ ಕೂರಿಸಿಕೊಂಡು 41,850ರ ಕಥೆಯನ್ನು ನನ್ನ ಆ ಮೊದಲ ಮಾತಿನ ಸಮೇತ ಹೇಳಿದೆ. ಮಾತು ಮುಗಿದಾಗ ಯಾರೂ ಏನೂ ಕೇಳಲಿಲ್ಲ. ಸಂಜೆ ಮಾತ್ರ ಒಬ್ಬಳು ಬಂದು, ಕಳೆದ ತಿಂಗಳು ತಾನು ಮಾಡಿದ್ದ ತಪ್ಪೊಂದನ್ನು ತೋರಿಸಿ, ಸರಿಪಡಿಸುವುದು ಹೇಗೆಂದು ಕೇಳಿದಳು. ನಾನು ಕುರ್ಚಿ ಎಳೆದುಕೊಂಡು ಅವಳ ಮೇಜಿನ ಆಚೆ ಬದಿಗೆ ಕುಳಿತೆ.

ಅಕ್ಕನವರಿಗೆ ಈಚೆಗೆ ಚಿಕ್ಕ ಅಕ್ಷರಗಳು ಕಾಣುವುದಿಲ್ಲ. ನಾಳೆ ಸಂಜೆ ಅವರ ಮನೆಗೆ ಹೋಗಿ ಇದನ್ನು ನಾನೇ ಓದಿ ಹೇಳುತ್ತೇನೆ.