ಫ್ರೆಂಚರು ಎಂಥದ್ದನ್ನೂ ಅರಗಿಸಿಕೊಳ್ಳುತ್ತಾರೆಯೇ?

ಮಾನ್ಯ ಸಂಪಾದಕರೇ,

ಬೆಂಗಳೂರು ಚಿತ್ರೋತ್ಸವದ ದಿನಗಳು ಬಂದವೆಂದರೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಯಾವುದೋ ಫ್ರೆಂಚ್ ಚಿತ್ರದ ನಡುವೆ ಹತ್ತು ಜನ ಎದ್ದು ಹೋಗಿರುತ್ತಾರೆ. ಹೊರಗೆ ಕಾಫಿ ಕುಡಿಯುತ್ತ ನಿಂತವರೊಬ್ಬರು, ‘ಅಲ್ಲಿಯ ಪ್ರೇಕ್ಷಕರು ಎಂಥದ್ದನ್ನೂ ಅರಗಿಸಿಕೊಳ್ಳುತ್ತಾರೆ, ನಮ್ಮವರು ಇನ್ನೂ ಪಳಗಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ಅದನ್ನೇ ತಿರುಗಿಸಿ, ‘ಅವರಿಗೆ ಮಾನ ಮರ್ಯಾದೆ ಇಲ್ಲ, ನಮಗಿದೆ’ ಎನ್ನುತ್ತಾರೆ. ಇಬ್ಬರ ನಂಬಿಕೆಯೂ ಒಂದೇ: ಫ್ರಾನ್ಸ್‌ನಲ್ಲಿ ಸಿನಿಮಾ ನೋಡಿ ಯಾರೂ ಕೆರಳುವುದಿಲ್ಲ. ಅಲ್ಲಿಯ ಸಿನಿಮಾ ಚರಿತ್ರೆಯನ್ನು ಸ್ವಲ್ಪ ತಿರುವಿ ಹಾಕಿದರೂ ಈ ನಂಬಿಕೆ ನಿಲ್ಲುವುದಿಲ್ಲ.

1930ರ ಡಿಸೆಂಬರ್ 3ರಂದು ಪ್ಯಾರಿಸ್ಸಿನ ಮೊಂಮಾರ್ತ್ರ್ ಬಡಾವಣೆಯ ‘ಸ್ತುದಿಯೊ 28’ ಚಿತ್ರಮಂದಿರದಲ್ಲಿ ನಿರ್ದೇಶಕ ಬುನ್ಯುಯೆಲ್ ಅವರ, ಚರ್ಚನ್ನೂ ಮೇಲ್ವರ್ಗವನ್ನೂ ಅಣಕಿಸುವ ‘ಲಾಜ್ ದೋರ್’ ನಡೆಯುತ್ತಿತ್ತು. ಬಲಪಂಥೀಯ ಸಂಘಟನೆಗಳ ಜನ ಪರದೆಗೆ ನೇರಳೆ ಶಾಯಿ ಎರಚಿದರು, ಹೊಗೆಬಾಂಬ್ ಎಸೆದರು, ಪ್ರೇಕ್ಷಕರ ಮೇಲೆ ಕೈ ಮಾಡಿದರು. ಮೊಗಸಾಲೆಯಲ್ಲಿ ತೂಗುಹಾಕಿದ್ದ ಡಾಲಿ, ಮಿರೊ, ಮ್ಯಾಕ್ಸ್ ಅರ್ನ್‌ಸ್ಟ್ ಮೊದಲಾದವರ ಚಿತ್ರಗಳನ್ನು ಹರಿದರು. ಶಿಕ್ಷೆಯಾದದ್ದು ಸಿನಿಮಾಕ್ಕೆ. ಕೆಲವೇ ದಿನಗಳಲ್ಲಿ ಪೊಲೀಸ್ ಮುಖ್ಯಸ್ಥ ಷಿಯಾಪ್ ಪ್ರದರ್ಶನ ನಿಲ್ಲಿಸಿದರು. ಅದು ಮತ್ತೆ ಫ್ರಾನ್ಸ್‌ನ ಚಿತ್ರಮಂದಿರಗಳಿಗೆ ಬಂದದ್ದು 1981ರಲ್ಲಿ, ಅರ್ಧ ಶತಮಾನದ ಬಳಿಕ.

1966ರ ‘ಲ ರೆಲಿಜಿಯೂಸ್’ ಪ್ರಕರಣವಂತೂ ನಮಗೆ ತೀರ ಹತ್ತಿರದ್ದು. ದಿದೆರೊನ ಹದಿನೆಂಟನೆಯ ಶತಮಾನದ ಕಾದಂಬರಿಯನ್ನು ಜಾಕ್ ರಿವೆತ್ ಚಿತ್ರ ಮಾಡಿದ್ದರು: ಮನಸ್ಸಿಲ್ಲದ ಹುಡುಗಿಯೊಬ್ಬಳನ್ನು ಸನ್ಯಾಸಿನಿಯರ ಮಠಕ್ಕೆ ತಳ್ಳಿದ ಕಥೆ. ಸನ್ಯಾಸಿನಿಯರೂ ಕ್ಯಾಥೊಲಿಕ್ ಶಾಲೆಗಳ ಪೋಷಕರೂ ಬರೆದ ದೂರಿನ ಪತ್ರಗಳು ಸರ್ಕಾರಕ್ಕೆ ಹೋಗತೊಡಗಿದಾಗ ಚಿತ್ರ ಇನ್ನೂ ಪೂರ್ತಿಯೇ ಆಗಿರಲಿಲ್ಲ. ಪರಿಶೀಲನಾ ಸಮಿತಿ ಎರಡು ಸಲ ಒಪ್ಪಿಗೆ ಕೊಟ್ಟರೂ ವಾರ್ತಾ ಇಲಾಖೆ ಹೊಣೆ ಹೊತ್ತಿದ್ದ ಕಿರಿಯ ಸಚಿವ ಈವೊ ಬೂರ್ಜ್ ನಿಷೇಧಿಸಿದರು. ಅದೇ ವರ್ಷ ಚಿತ್ರ ಕಾನ್ ಚಿತ್ರೋತ್ಸವದಲ್ಲಿ ಫ್ರಾನ್ಸ್‌ನ ಪರವಾಗಿಯೇ ಪ್ರದರ್ಶನವಾಯಿತು! ಸಾರ್ವಜನಿಕ ಬಿಡುಗಡೆಗೆ 1967ರ ವರೆಗೆ ಕಾಯಬೇಕಾಯಿತು; ನಿಷೇಧವೇ ಕಾನೂನುಬಾಹಿರವಾಗಿತ್ತು ಎಂದು ಅಲ್ಲಿಯ ಅತ್ಯುನ್ನತ ಆಡಳಿತ ನ್ಯಾಯಾಲಯ ‘ಕೊನ್ಸೆಯ್ ದೆತಾ’ ಹೇಳಿದ್ದು 1975ರಲ್ಲಿ. 1966ರ ಆ ನಿಷೇಧವಾದ ನಾಲ್ಕೇ ವರ್ಷಕ್ಕೆ, 1970ರಲ್ಲಿ, ನಮ್ಮ ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ತಡೆಯೊಡ್ಡಿತ್ತು. ಅಲ್ಲಿ ಮಠ, ಇಲ್ಲಿ ಅಗ್ರಹಾರ. ಎರಡಕ್ಕೂ ಮೂಲ ಕಾದಂಬರಿ, ಎರಡೂ ಕಡೆ ಆತಂಕ ಒಂದೇ ಬಗೆಯದು.

ಹಾಗಾದರೆ ಅಲ್ಲಿ ಬದಲಾದದ್ದೇನು? ಆಕ್ಷೇಪಣೆ ನಿಂತಿಲ್ಲ, ಅದರ ವಿಳಾಸ ಬದಲಾಗಿದೆ.

ಮೊದಲು ಜನ ಮೇಯರ್ ಬಳಿಗೆ ಹೋಗುತ್ತಿದ್ದರು. 1959ರ ಡಿಸೆಂಬರ್ 18ರ ‘ಲ್ಯುತೆಸಿಯಾ’ ತೀರ್ಪನ್ನು ಫ್ರೆಂಚ್ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ನೀಸ್ ನಗರದ ಮೇಯರ್ ಒಂದು ಚಿತ್ರವನ್ನು ತಡೆದಿದ್ದರು. ರಾಷ್ಟ್ರಮಟ್ಟದ ಪ್ರಮಾಣಪತ್ರ ಇದ್ದರೂ, ಗಲಭೆಯ ಭಯವಿದ್ದರೆ, ಅಥವಾ ಚಿತ್ರ ಅನೈತಿಕವಾಗಿದ್ದು ಆ ಊರಿನ ಪರಿಸ್ಥಿತಿಯಲ್ಲಿ ಅದರಿಂದ ಕೇಡಾಗುವಂತಿದ್ದರೆ ಮೇಯರ್ ತಡೆಯಬಹುದು ಎಂದು ನ್ಯಾಯಾಲಯ ಒಪ್ಪಿತು. ಈ ಅಧಿಕಾರ ಇಂದಿಗೂ ಕಾಗದದ ಮೇಲೆ ಇದೆ. 1985ರಲ್ಲಿ ಕನ್ಯೆ ಮೇರಿಯ ಕಥೆಯನ್ನು ಈ ಕಾಲಕ್ಕೆ ತಂದ ಗೊದಾರ್ ಅವರ ‘ಜ ವೂ ಸಲ್ಯು ಮರಿ’ ಬಂದಾಗ ವೆರ್ಸಾಯ್ ಮೇಯರ್ ಇದನ್ನು ಬಳಸಿದ್ದೂ ಉಂಟು. ಚಿತ್ರಮಂದಿರಗಳ ಮುಂದೆ ಪ್ರಾರ್ಥನೆ, ಒಳಗೆ ದುರ್ವಾಸನೆಯ ಬಾಂಬುಗಳು ಆಗಿನ ಪ್ರತಿಭಟನೆಯ ಬಗೆಗಳು. 1988ರ ಅಕ್ಟೋಬರಿನಲ್ಲಿ ಕ್ರಿಸ್ತನನ್ನು ಕುರಿತ ಅಮೆರಿಕನ್ ಚಿತ್ರವೊಂದು ನಡೆಯುತ್ತಿದ್ದ ಪ್ಯಾರಿಸ್ಸಿನ ಸೇಂಟ್ ಮಿಷೆಲ್ ಚಿತ್ರಮಂದಿರಕ್ಕೆ ಬೆಂಕಿಯನ್ನೇ ಹಚ್ಚಿದರು. ಹತ್ತಕ್ಕೂ ಹೆಚ್ಚು ಜನ ಗಾಯಗೊಂಡರು.

ಈಗ ಜಗಳವೆಲ್ಲ ಒಂದು ಅಂಕಿಯ ಸುತ್ತ. ಫ್ರಾನ್ಸ್‌ನಲ್ಲಿ ಪ್ರತಿ ಚಿತ್ರಕ್ಕೂ ‘ವೀಸಾ’, ಅಂದರೆ ಪ್ರದರ್ಶನದ ಪರವಾನಗಿ, ಬೇಕು. ಅಧಿಕಾರಿಗಳು, ಸಿನಿಮಾದವರು, ಮಕ್ಕಳ ವಿಷಯ ಬಲ್ಲ ತಜ್ಞರು, 18ರಿಂದ 24 ವಯಸ್ಸಿನ ಯುವಜನ ಇವರೆಲ್ಲ ಇರುವ ಸಮಿತಿ ಚಿತ್ರ ನೋಡಿ ಸಲಹೆ ಕೊಡುತ್ತದೆ, ಸಹಿ ಸಂಸ್ಕೃತಿ ಸಚಿವರದು. ದರ್ಜೆಗಳು ಇವು: ಎಲ್ಲರಿಗೂ, 12ಕ್ಕಿಂತ ಕಿರಿಯರಿಗೆ ಇಲ್ಲ, 16ಕ್ಕಿಂತ ಕಿರಿಯರಿಗೆ ಇಲ್ಲ, 18ಕ್ಕಿಂತ ಕಿರಿಯರಿಗೆ ಇಲ್ಲ, ಕೊನೆಗೆ ‘ಎಕ್ಸ್’ (ಅಶ್ಲೀಲ ಅಥವಾ ಹಿಂಸೆಗೆ ಪ್ರಚೋದಿಸುವ ಚಿತ್ರಗಳ ದರ್ಜೆ). ಬೇಕಾದರೆ ಅಂಕಿಯ ಜೊತೆ ಒಂದು ಎಚ್ಚರಿಕೆಯ ಸಾಲು. ಇಲ್ಲೊಂದು ವಿಷಯ ನಮ್ಮವರಿಗೆ ಗೊತ್ತಿರುವುದಿಲ್ಲ: 12 ಅಂದರೆ 12. ಅಪ್ಪ ಅಮ್ಮ ಜೊತೆಗಿದ್ದರೂ ಹತ್ತು ವರ್ಷದ ಮಗುವಿಗೆ ಟಿಕೆಟ್ ಕೊಡುವಂತಿಲ್ಲ. ನಮ್ಮಲ್ಲಿ 2024ರಿಂದ ಬಂದಿರುವ ಯುಎ 7+, 13+, 16+ ಗುರುತುಗಳು ಪೋಷಕರಿಗೆ ಸಲಹೆ ಮಾತ್ರ. ಹೀಗಾಗಿ ಫ್ರಾನ್ಸ್‌ನ 12ನ್ನು ನಮ್ಮ 13+ಗೆ ಸಮ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ಎರಡು ಕಡೆಯಿಂದಲೂ ತಪ್ಪಾಗುತ್ತದೆ. ಅಲ್ಲಿಯ ಬಾಗಿಲು ನಮ್ಮದಕ್ಕಿಂತ ಬಿಗಿ. ಆದರೆ ಬಾಗಿಲಾಚೆ ಇರುವುದು, ಮುಖ್ಯವಾಗಿ ನಗ್ನತೆಯ ವಿಷಯದಲ್ಲಿ, ನಮ್ಮದಕ್ಕಿಂತ ಬಹಳ ಧಾರಾಳ.

ಅಂಕಿಯ ಹಿಂದೆ ಹಣವೂ ಇದೆ. ಫ್ರೆಂಚ್ ಸಿನಿಮಾಕ್ಕೆ ಟಿವಿ ಚಾನೆಲ್‌ಗಳು ಮುಂಗಡವಾಗಿ ದುಡ್ಡು ಹಾಕುತ್ತವೆ. ಉಚಿತ ಚಾನೆಲ್‌ಗಳಲ್ಲಿ 12ರ ಚಿತ್ರ ಸಾಮಾನ್ಯವಾಗಿ ರಾತ್ರಿ 10ಕ್ಕೆ ಮೊದಲು ಬರುವಂತಿಲ್ಲ, 16ರದ್ದು 10.30ಕ್ಕೆ ಮೊದಲು ಬರುವಂತಿಲ್ಲ, 18ರದ್ದು ಬರುವಂತೆಯೇ ಇಲ್ಲ. ಎಕ್ಸ್ ಬಿದ್ದರೆ ಹೆಚ್ಚಿನ ತೆರಿಗೆ ಬೇರೆ, ಸರ್ಕಾರದ ನೆರವೂ ಖೋತಾ. ಚಿತ್ರವನ್ನು ನಿಲ್ಲಿಸಬೇಕೆನ್ನುವವರು ಶಾಯಿ ಎರಚುವುದಕ್ಕಿಂತ ಅಂಕಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ತಳ್ಳಿದರೆ ಪೆಟ್ಟು ಜೋರು ಎಂಬುದನ್ನು ಬೇಗ ಕಂಡುಕೊಂಡರು.

ಇದರಲ್ಲಿ ಪಳಗಿದ್ದು ‘ಪ್ರೊಮುವ್ವಾರ್’ ಎಂಬ ಸಂಪ್ರದಾಯವಾದಿ ಕ್ಯಾಥೊಲಿಕ್ ಸಂಘ. ವಿರ್ಜಿನಿ ದೆಪಾಂತ್ ಮತ್ತು ಕೊರಾಲಿ ತ್ರಿನ್ ತಿ ನಿರ್ದೇಶಿಸಿದ ‘ಬೇಜ್ ಮುವಾ’ 2000ದ ಜೂನ್ 28, ಬುಧವಾರ, 16ರ ಅಂಕಿಯೊಂದಿಗೆ ಬಿಡುಗಡೆಯಾಯಿತು (ಅಲ್ಲಿ ಹೊಸ ಚಿತ್ರಗಳ ದಿನ ಬುಧವಾರ, ನಮ್ಮಂತೆ ಶುಕ್ರವಾರವಲ್ಲ). ಶುಕ್ರವಾರಕ್ಕೆಲ್ಲ ನ್ಯಾಯಾಲಯ ವೀಸಾ ರದ್ದು ಮಾಡಿತ್ತು. ತೊಡಕು ಎಲ್ಲಿತ್ತೆಂದರೆ, 18ರ ದರ್ಜೆಯನ್ನು 1990ರಲ್ಲೇ ಕೈಬಿಟ್ಟಿದ್ದರು. 16ರ ಮೇಲೆ ನೇರ ಎಕ್ಸ್, ನಡುವೆ ಮೆಟ್ಟಿಲೇ ಇರಲಿಲ್ಲ. 2001ರ ಜುಲೈನಲ್ಲಿ ಸರ್ಕಾರ ಆ ಮೆಟ್ಟಿಲನ್ನು ಮತ್ತೆ ಕಟ್ಟಿತು, ಚಿತ್ರ ಮತ್ತೆ ಬಂತು. 2015ರಲ್ಲಿ ಗಾಸ್ಪಾರ್ ನೊಎ ಅವರ ‘ಲವ್’ ಬಿಡುಗಡೆಯಾದ ಮೇಲೆ 16ರಿಂದ 18ಕ್ಕೆ ಏರಿದ್ದೂ ಇದೇ ಸಂಘದ ದಾವೆಯಿಂದ. ಆದರೆ ಕೆಶಿಶ್ ಅವರ ‘ಲ ವಿ ದದೆಲ್’ (2013ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದದ್ದು) ವಿಷಯದಲ್ಲಿ ಅವರ ಆಟ ಕೊನೆವರೆಗೆ ನಡೆಯಲಿಲ್ಲ. 2015ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದರ 12ರ ವೀಸಾ ರದ್ದು ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಕೊನ್ಸೆಯ್ ದೆತಾ ಆ ತೀರ್ಪನ್ನು ತಳ್ಳಿಹಾಕಿತು. ಲೈಂಗಿಕ ದೃಶ್ಯಗಳು ನೈಜವಾಗಿ ಕಂಡರೂ ನಟನೆಯೇ, ಹಿಂಸೆಯಿಲ್ಲ, ಕೀಳಾಗಿ ತೋರಿಸುವ ಉದ್ದೇಶವಿಲ್ಲ ಎಂಬುದು ಕಾರಣ. ಅದೇ ಚಿತ್ರಕ್ಕೆ ಬ್ರಿಟನ್ 18 ಕೊಟ್ಟಿತ್ತು, ಅಮೆರಿಕ ‘ಎನ್‌ಸಿ-17’ (ವಯಸ್ಕರಿಗೆ ಮಾತ್ರ). ಸುಮಾರು ಮೂರು ಗಂಟೆಯ ಚಿತ್ರ. ಊಟದ ಮೇಜು, ಶಾಲೆಯ ಕೊಠಡಿ, ವರ್ಗದ ಅಂತರ ಎಲ್ಲವೂ ಅದರಲ್ಲಿವೆ. ಜಗಳ ಮಾತ್ರ ಕೆಲವೇ ನಿಮಿಷಗಳದ್ದು.

ಉತ್ಸವದ ಪ್ರೇಕ್ಷಕರನ್ನೂ ಬುಧವಾರದ ಪ್ರೇಕ್ಷಕರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇನ್ನೊಂದು ತಪ್ಪು. ಕಾನ್‌ನಲ್ಲಿ ‘ಊ’ ಎಂದು ಕೂಗುವವರು ಬಹುಪಾಲು ಪತ್ರಕರ್ತರು ಮತ್ತು ವ್ಯಾಪಾರದವರು. ದಿನಕ್ಕೆ ನಾಲ್ಕೈದು ಚಿತ್ರ ನೋಡಿ ದಣಿದಿರುತ್ತಾರೆ, ಮುಂದಿನ ಪ್ರದರ್ಶನಕ್ಕೆ ಓಡಬೇಕಿರುತ್ತದೆ. ಎದ್ದವರ ಆಸನ ಮಡಚಿಕೊಂಡು ‘ಟಪ್’ ಎನ್ನುವ ಸದ್ದೇ ಅಲ್ಲಿ ವಿಮರ್ಶೆಯ ಮೊದಲ ಸಾಲು. 1973ರಲ್ಲಿ ‘ಲ ಗ್ರಾಂದ್ ಬೂಫ್’, ನಾಲ್ವರು ಗೆಳೆಯರು ತಿಂದು ತಿಂದು ಸಾಯುವ ಕಥೆ, ಕಾನ್‌ನಲ್ಲಿ ಹೀಗೆಯೇ ಬೈಸಿಕೊಂಡಿತು. ಬಳಿಕ ಫ್ರಾನ್ಸ್‌ನಲ್ಲಿ ಸುಮಾರು 28 ಲಕ್ಷ ಟಿಕೆಟ್ ಮಾರಿತು. ಬೈಗುಳವೇ ಪ್ರಚಾರವಾಯಿತು ಅನ್ನೋಣವೇ? ಅದೂ ಹೌದು. ಆದರೆ ಅಷ್ಟೊಂದು ಜನ ಬರಿ ಕುತೂಹಲಕ್ಕೆ ಬರುವುದಿಲ್ಲ. ಹೊಟ್ಟೆಬಾಕತನದ ಬಗ್ಗೆ ನಗಲು ಅವರಿಗೆ ಮನಸ್ಸಿತ್ತು.

ಸಭಾಂಗಣದ ಯಂತ್ರವೂ ಪ್ರತಿಕ್ರಿಯೆಯಲ್ಲಿ ಪಾಲುದಾರ. 2002ರಲ್ಲಿ ನೊಎ ಅವರದೇ ‘ಇರೆವೆರ್ಸಿಬ್ಲ್’ ಕಾನ್‌ನಲ್ಲಿ ನಡೆದಾಗ ನೂರಾರು ಜನ ಎದ್ದುಹೋದರು, ಕೆಲವರಿಗೆ ಆಮ್ಲಜನಕ ಕೊಡಬೇಕಾಯಿತು ಎಂದು ಆಗ ವರದಿಯಾಯಿತು. ಸುಮಾರು ಒಂಬತ್ತು ನಿಮಿಷ ಕಡಿತವಿಲ್ಲದೆ ಸಾಗುವ ಅತ್ಯಾಚಾರದ ದೃಶ್ಯವನ್ನೇ ಎಲ್ಲರೂ ಕಾರಣ ಎನ್ನುತ್ತಾರೆ. ಆದರೆ ಮೊದಲ ಅರ್ಧ ಗಂಟೆಯ ಧ್ವನಿಪಥದಲ್ಲಿ 28 ಹರ್ಟ್ಸ್‌ನ ಆಸುಪಾಸಿನ ತಗ್ಗು ಕಂಪನ ಸೇರಿಸಲಾಗಿದೆ. ಅದು ಕಿವಿಗೆ ಬೀಳುವುದಕ್ಕಿಂತ ಹೆಚ್ಚಾಗಿ ಎದೆಗೂ ಹೊಟ್ಟೆಗೂ ತಾಗುತ್ತದೆ, ಓಕರಿಕೆ ತರಬಲ್ಲದು ಎನ್ನುತ್ತಾರೆ. ಇದರ ಮೇಲೆ ಸುತ್ತುತ್ತಲೇ ಇರುವ ಕ್ಯಾಮೆರಾ. ಲ್ಯಾಪ್‌ಟಾಪಿನ ಸ್ಪೀಕರ್ ಆ ಕಂಪನವನ್ನು ಹೊರಡಿಸಲಾರದು. ಮನೆಯಲ್ಲಿ ನೋಡಿ ‘ಇದರಲ್ಲೇನಿದೆ ತಲೆ ತಿರುಗುವಂಥದ್ದು’ ಎನ್ನುವವರು ಬೇರೆಯದೇ ಚಿತ್ರವನ್ನು ನೋಡಿರುತ್ತಾರೆ ಎನ್ನಬಹುದು.

ಭಿತ್ತಿಚಿತ್ರದ ಎಡವಟ್ಟಂತೂ ಇನ್ನೂ ಹಸಿಯಾಗಿದೆ. ಮೈಮೂನಾ ದುಕುರೆ ಅವರ ‘ಮಿನ್ಯೋನ್’ ಹನ್ನೊಂದು ವರ್ಷದ ಹುಡುಗಿಯರನ್ನು ಜಾಲತಾಣಗಳು ಹೇಗೆ ಬೇಗ ‘ದೊಡ್ಡವರ’ನ್ನಾಗಿ ಮಾಡುತ್ತವೆ ಎಂಬುದರ ವಿರುದ್ಧದ ಚಿತ್ರ. ಫ್ರಾನ್ಸ್‌ನ ಪೋಸ್ಟರಿನಲ್ಲಿ ಹುಡುಗಿಯರು ಚೀಲ ಹಿಡಿದು ಬೀದಿಯಲ್ಲಿ ಕುಣಿದು ಓಡುತ್ತಿದ್ದರು. 2020ರ ಆಗಸ್ಟಿನಲ್ಲಿ ನೆಟ್‌ಫ್ಲಿಕ್ಸ್ ಹೊರದೇಶಗಳಿಗೆ ಬಿಟ್ಟ ಪೋಸ್ಟರಿನಲ್ಲಿ ಅದೇ ಹುಡುಗಿಯರು ನೃತ್ಯದ ಚಿಕ್ಕ ಉಡುಪಿನಲ್ಲಿ ಭಂಗಿ ಕೊಟ್ಟಿದ್ದರು. ಕಂಪನಿ ಕ್ಷಮೆ ಕೇಳಿ ಪೋಸ್ಟರ್ ತೆಗೆದರೂ ಬೆಂಕಿ ಆರಲಿಲ್ಲ. ಅಮೆರಿಕದಲ್ಲಿ ಚಿತ್ರ ಬರುವ ಮೊದಲೇ ಅದರ ತೀರ್ಪು ಹೊರಬಿದ್ದಿತ್ತು. ಚಿತ್ರ ಯಾವುದನ್ನು ದೂರುತ್ತಿತ್ತೋ ಅದನ್ನೇ ಮಾರುಕಟ್ಟೆಯವರು ಅದರ ಹಣೆಗೆ ಅಂಟಿಸಿದರು.

ಇತ್ತೀಚಿನ ಪ್ರತಿಭಟನೆಗಳಿಗೆ ಇನ್ನೊಂದು ಮುಖವಿದೆ. 2019ರ ನವೆಂಬರಿನಲ್ಲಿ, ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಹೊತ್ತಿದ್ದ ನಿರ್ದೇಶಕ ಪೋಲನ್‌ಸ್ಕಿ ಅವರ ‘ಜಾಕ್ಯೂಸ್’ ಬಿಡುಗಡೆಯ ಹಿಂದಿನ ದಿನ ಪ್ಯಾರಿಸ್ಸಿನ ಶಾಂಪೊ ಚಿತ್ರಮಂದಿರದಲ್ಲಿ ಮಹಿಳೆಯರು ಪ್ರದರ್ಶನ ತಡೆದರು. ಅವರ ತಕರಾರು ಚಿತ್ರದಲ್ಲಿ ಏನಿದೆ ಎಂಬುದಕ್ಕಲ್ಲ, ಮಾಡಿದವರು ಯಾರು ಎಂಬುದಕ್ಕೆ. ಆದರೂ 15 ಲಕ್ಷ ಜನ ನೋಡಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಓಜೋನ್ ಅವರ ‘ಗ್ರಾಸ್ ಅ ದಿಯು’ ಲಿಯೋನ್ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಪಾದ್ರಿಯೊಬ್ಬರಿಂದ ಮಕ್ಕಳಿಗಾದ ದೌರ್ಜನ್ಯವನ್ನು ತೋರಿಸಿತು. ಪಾದ್ರಿಯ ವಕೀಲರು ಬಿಡುಗಡೆ ಮುಂದೂಡಲು ಕೇಳಿದರು, ನ್ಯಾಯಾಲಯ ಒಪ್ಪಲಿಲ್ಲ. ಅಂದು ಇನ್ನೂ ಮುಗಿಯದ ‘ಲ ರೆಲಿಜಿಯೂಸ್’ ವಿರುದ್ಧ ಪತ್ರ ಬರೆದ ಕ್ಯಾಥೊಲಿಕ್ ಸಮುದಾಯದವರೇ ಅನೇಕರು ಈ ಬಾರಿ ಟಿಕೆಟ್ ಕೊಂಡು ಒಳಗೆ ಕೂತರು.

ಇನ್ನು ಇಲ್ಲಿಯ ಆಯೋಜಕರಿಗೆ. ಉತ್ಸವದ ಚಿತ್ರಗಳಿಗೆ ಕೇಂದ್ರದ ವಾರ್ತಾ ಸಚಿವಾಲಯದಿಂದ ಸೆನ್ಸಾರ್ ವಿನಾಯಿತಿ ಸಿಗುತ್ತದೆ, ನೋಂದಾಯಿತ ಪ್ರತಿನಿಧಿಗಳು ಮಾತ್ರ ನೋಡಬಹುದು. ಅಂದರೆ ಚಿತ್ರಕ್ಕೆ ನಮ್ಮ ಅಂಕಿಯೇ ಇರುವುದಿಲ್ಲ, ಪ್ರೇಕ್ಷಕರಿಗೆ ಗುರುತು ಹೇಳುವುದು ಪೂರ್ತಿ ಆಯೋಜಕರ ಹೊಣೆ. ‘ದಿಟ್ಟ ಚಿತ್ರ’, ‘ವಯಸ್ಕರ ವಿಷಯ’ ಎಂಬ ಅಡ್ಡಗೋಡೆಯ ಮೇಲಿನ ದೀಪದಂಥ ಮಾತು ಯಾರಿಗೂ ಉಪಯೋಗವಿಲ್ಲ. ಕೆಲವರನ್ನು ತಪ್ಪು ಕಾರಣಕ್ಕೆ ಕರೆತರುತ್ತದೆ ಕೂಡ. ‘ಲೈಂಗಿಕ ಹಿಂಸೆಯ ಒಂದು ದೀರ್ಘ ದೃಶ್ಯ, ಸುಮಾರು ಒಂಬತ್ತು ನಿಮಿಷ, ಮೊದಲರ್ಧದ ಕೊನೆಗೆ’ ಎಂದು ನೇರವಾಗಿ ಬರೆದರೆ ಕಥೆಯೇನೂ ಬಯಲಾಗುವುದಿಲ್ಲ. ಎದ್ದು ಹೋಗುವವರನ್ನು ಬಾಗಿಲಲ್ಲಿ ತಡೆದು ಕಾರಣ ಕೇಳಬೇಡಿ. ಗಂಭೀರ ದೃಶ್ಯದಲ್ಲಿ ಹಿಂದಿನ ಸಾಲಿನ ನಗೆ ಕೇಳಿಸಿದರೆ ಅದು ಯಾವಾಗಲೂ ಅಸಭ್ಯತೆಯಲ್ಲ, ಮುಜುಗರ ಹೊರಬರುವ ದಾರಿ ಅದು. ಚಿತ್ರ ಮುಗಿದ ಕೂಡಲೇ ದೀಪ ಹಾಕಿ ಮೈಕ್ ಹಿಡಿಸುವುದು ಮಾತ್ರ ಶುದ್ಧ ಕ್ರೌರ್ಯ. ಹೆಸರುಗಳು ಪೂರ್ತಿ ಓಡಲಿ, ಹತ್ತು ನಿಮಿಷ ಬಿಡಿ, ಆಮೇಲೆ ಮಾತಾಡುವವರು ಉಳಿಯುತ್ತಾರೆ.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಫ್ರೆಂಚಿನಲ್ಲಿ ನಮ್ಮಂತೆಯೇ ‘ನೀನು’, ‘ನೀವು’ ಬೇರೆ ಬೇರೆ: ‘ತ್ಯು’ ಮತ್ತು ‘ವೂ’. ಒಂದು ಪಾತ್ರ ‘ವೂ’ ಬಿಟ್ಟು ‘ತ್ಯು’ಗೆ ಇಳಿಯುವ ಗಳಿಗೆಯಲ್ಲಿ ಸಲುಗೆಯೋ ಅವಮಾನವೋ ಬಲವಂತವೋ ಶುರುವಾಗಿರುತ್ತದೆ. ಅಲ್ಲಿಯ ಪ್ರೇಕ್ಷಕರು ಆಗಲೇ ಮೈ ಬಿಗಿ ಹಿಡಿಯುತ್ತಾರೆ. ಇಂಗ್ಲಿಷ್ ಅಡಿಬರಹ ಎರಡಕ್ಕೂ ‘ಯು’ ಎಂದಷ್ಟೇ ಬರೆಯುವುದರಿಂದ ನಮಗೆ ಮುಂದಿನ ದೃಶ್ಯ ಕಾರಣವಿಲ್ಲದೆ ಬಂದು ಬಡಿದಂತಾಗುತ್ತದೆ. ಕನ್ನಡದಲ್ಲಿ ಅಡಿಬರಹ ಮಾಡಿದರೆ ಈ ನಷ್ಟ ಇರುವುದೇ ಇಲ್ಲ.

ತಮ್ಮ ಪತ್ರಿಕೆಯಲ್ಲಿ ಒಂದು ಕೋರಿಕೆ: ಚಿತ್ರೋತ್ಸವದ ವೇಳಾಪಟ್ಟಿ ಅಚ್ಚು ಹಾಕುವಾಗ ಹೆಸರು, ಸಮಯ, ಪರದೆಯ ಸಂಖ್ಯೆಯ ಜೊತೆ ಚಿತ್ರದ ಸ್ವಂತ ದೇಶದ ವಯಸ್ಸಿನ ಅಂಕಿಯನ್ನೂ, ಒಳಗೆ ಏನಿದೆ ಎಂಬ ಒಂದು ಸಾಲನ್ನೂ ಸೇರಿಸಿ. ಫ್ರೆಂಚ್ ಚಿತ್ರಗಳ ಅಂಕಿ ಅಲ್ಲಿಯ ರಾಷ್ಟ್ರೀಯ ಸಿನಿಮಾ ಕೇಂದ್ರದ ಜಾಲತಾಣದಲ್ಲಿ ಚಿತ್ರದ ಹೆಸರು ಹಾಕಿದರೆ ಸಿಗುತ್ತದೆ.

ಇತಿ,
ಚಿತ್ರಸಮಾಜವೊಂದರ ಸದಸ್ಯರು, ಮೈಸೂರು