ಗುಡಿಬಂಡೆಗೆ ಒಂದು ರೇಡಿಯೋ ಬೇಕು: ಬಾಗೇಪಲ್ಲಿ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ರಸ್ತೆ, ಚರಂಡಿ, ಕುಡಿಯುವ ನೀರು ಅಂತ ನಿಮಗೆ ದಿನಾ ಅರ್ಜಿ ಬರುತ್ತವೆ. ಅವೆಲ್ಲ ಬೇಕಾದವೇ. ಈ ಪತ್ರ ಮಾತ್ರ ಒಂದು ರೇಡಿಯೋ ಬಗ್ಗೆ. ಗುಡಿಬಂಡೆಗೆ, ಸುತ್ತಲಿನ ಹಳ್ಳಿಗಳಿಗೆ, ನಮ್ಮ ಜನವೇ ಮಾತಾಡುವ, ನಮ್ಮ ಜನವೇ ಹಾಡುವ ಒಂದು ಸಮುದಾಯ ರೇಡಿಯೋ ಬೇಕು.

ಯಾಕೆ ಅಂತ ಹೇಳುತ್ತೇನೆ. ಅವರೆಕಾಯಿ ಕಾಲದಲ್ಲಿ ಒಂದು ರಾತ್ರಿ ನಮ್ಮ ಮನೆ ಪಡಸಾಲೆಯಲ್ಲಿ ಹೆಂಗಸರೆಲ್ಲ ಕೂತು ನೆನೆಸಿದ ಕಾಳು ಹಿತುಕುತ್ತಿದ್ದರು. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಕ್ಕನೆ ಪಾತ್ರೆಗೆ ಬೀಳುತ್ತದಲ್ಲ, ಆ ಸದ್ದಿನ ಜೊತೆಗೇ ನಮ್ಮ ಅಜ್ಜಿ ಹಾಡು ಎತ್ತಿಕೊಂಡರು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು. ಒಂದು ಸಾಲು ಕನ್ನಡ, ಮುಂದಿನ ಸಾಲು ತೆಲುಗು, ನಮ್ಮ ಕಡೆ ಮಾತಾಡುವ ಹಾಗೇ. ಅಕ್ಕಪಕ್ಕದ ಮನೆಯವರು ಸೊಲ್ಲು ಹಿಡಿದರು. ನನ್ನ ತಾಯಿಗೆ ಅರ್ಧ ಬರುತ್ತಿತ್ತು, ನನ್ನ ಹೆಂಡತಿಗೆ ಒಂದು ಸಾಲೂ ಬರಲಿಲ್ಲ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದೆ, 22 ನಿಮಿಷ.

ಬೇಸಿಗೆಯಲ್ಲಿ ಆ ಫೋನು ನೀರಿನ ತೊಟ್ಟಿಗೆ ಬಿತ್ತು. ರಿಪೇರಿಯವನು ಎರಡು ದಿನ ಇಟ್ಟುಕೊಂಡು ಆಗಲ್ಲ ಅಂದ. ಅಜ್ಜಿಗೆ ಇನ್ನೊಂದು ಸಲ ಹಾಡು ಅಂತ ಕೇಳಿದೆ. ಹಾಡಿದರು, ಆದರೆ ನಡುವಿನ ಎರಡು ನುಡಿ ನೆನಪಿಗೆ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಹೋಗ್ಲಿ ಬಿಡಪ್ಪ, ಅಷ್ಟೇ" ಅಂದರು. ಆ ಎರಡು ನುಡಿ ಈಗ ಯಾರ ಹತ್ತಿರ ಇದೆ? ಪಕ್ಕದ ಊರಿನ ಯಾವುದೋ ಮುದುಕಿಗೆ ಬರುತ್ತಿರಬಹುದು. ಕೇಳಿಸಿಕೊಳ್ಳುವ ದಾರಿ ನಮಗಿಲ್ಲ.

ಇದು ನಮ್ಮ ಮನೆ ಒಂದರ ಕಥೆ ಅಲ್ಲ ಸಾರ್. ನಮ್ಮ ಕಡೆ ಭಜನೆಗೆ ಕೂತರೆ ಕೈವಾರ ತಾತಯ್ಯನವರ ಪದಗಳನ್ನು ತೆಲುಗಲ್ಲೂ ಕನ್ನಡದಲ್ಲೂ ಹಾಡುವವರಿದ್ದಾರೆ. ರಾತ್ರಿಯಿಡೀ ಕೇಳಿಕೆ ಅನ್ನುವ ಬಯಲಾಟ ಆಡುತ್ತಿದ್ದ ವೇಷಧಾರಿಗಳು ವಯಸ್ಸಾಗಿ ಜಗಲಿ ಮೇಲೆ ಕೂತಿದ್ದಾರೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು, ಎಲ್ಲರೂ ಹೆಮ್ಮೆಪಟ್ಟೆವು. ಆದರೆ ತಮಟೆಯ ಒಂದೊಂದು ಬಡಿತಕ್ಕೂ ಒಂದೊಂದು ಹೆಸರಿದೆ, ದೇವರಿಗೆ ಬಾರಿಸುವುದು ಬೇರೆ, ಮದುವೆಗೆ ಬೇರೆ, ಸಾವಿಗೆ ಬೇರೆ ಅಂತ ನಮ್ಮ ಮಕ್ಕಳಿಗೆ ಬಿಡಿಸಿ ಹೇಳುವ ಜಾಗ ಎಲ್ಲಿದೆ? ಬೆಂಗಳೂರಿನ ಎಫ್‌ಎಂನವರಿಗೆ ನಮ್ಮ ಈ ಬೆರಕೆ ಮಾತು ಬೇಕಿಲ್ಲ. ಅವರನ್ನು ದೂರುತ್ತಿಲ್ಲ, ಅವರ ಕೇಳುಗರೇ ಬೇರೆ.

ಎಲ್ಲರ ಕೈಯಲ್ಲೂ ಫೋನಿದೆಯಲ್ಲ, ರೇಡಿಯೋ ಯಾಕೆ ಅಂತ ನೀವು ಕೇಳಬಹುದು. ನಾನು ರೇಷ್ಮೆ ಬೆಳೆಯುವವನು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಾವು ಜ್ವರ ಅನ್ನುತ್ತೇವೆ, ನಾಲ್ಕನೇ ಜ್ವರ ದಾಟಿ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕಬೇಕು. ಹುಳ ಮನೆಯಲ್ಲಿ ಅವು ಎಲೆ ತಿನ್ನುವ ಸದ್ದು ಸೋನೆ ಮಳೆ ಹುಯ್ದ ಹಾಗೆ ಕೇಳುತ್ತಿರುತ್ತದೆ. ಕೈಗೆ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಕಳೆ ಕೀಳುವವರಿಗೆ, ಹಾಲು ಕರೆಯುವವರಿಗೆ, ಹೋಟೆಲಲ್ಲಿ ದೋಸೆ ಹುಯ್ಯುವವರಿಗೆ ಎಲ್ಲರಿಗೂ ಹೀಗೇ ಅಲ್ವಾ? ಜೊತೆಗೆ ಓದಲು ಬಾರದ ಹಿರಿಯರಿಗೆ ಫೋನಿನಲ್ಲಿ ಹುಡುಕುವುದು ಗೊತ್ತಾಗುವುದಿಲ್ಲ, ರೇಡಿಯೋ ಗುಂಡಿ ತಿರುಗಿಸುವುದು ಗೊತ್ತು.

ಇನ್ನೊಂದು ಮಾತು. ಒಂದು ಸಲ ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಬಂದು ಹೋಗಿದ್ದೇ ನಮ್ಮ ಕೇರಿಗೆ ಗೊತ್ತಾಗಲಿಲ್ಲ. ವಾಟ್ಸಾಪ್‌ನಲ್ಲಿ ಹಾಕಿದ್ದರಂತೆ. ನಮ್ಮ ಪಕ್ಕದ ಮನೆಯವರ ಸೀಮೆಹಸುವಿಗೆ ಆ ವರ್ಷ ರೋಗ ಬಂತು, ಹಾಲು ನಿಂತುಹೋಯಿತು. ಹಿಂದಿನ ದಿನ ಸಂಜೆ ರೇಡಿಯೋದಲ್ಲಿ ಎರಡು ಸಲ ಹೇಳಿದ್ದರೆ ಸಾಕಿತ್ತು.

ಇದು ಆಗದ ಕೆಲಸ ಅಲ್ಲ. ಗಾಳಿಯಲ್ಲಿ ಹೋಗುವ ತರಂಗಗಳು ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ದಾರಿಯಾಯಿತು, 2006ರಲ್ಲಿ ಲಾಭ ಮಾಡದ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ನಮ್ಮ ಸೀಮೆಯವರು ಅಷ್ಟರವರೆಗೂ ಕಾಯಲಿಲ್ಲ ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 2003ರ ಹೊತ್ತಿಗೆ 'ನಮ್ಮ ಧ್ವನಿ' ಅನ್ನುವ ಸಮುದಾಯ ರೇಡಿಯೋ ನಡೆಯುತ್ತಿತ್ತು. ಗಾಳಿಯಲ್ಲಿ ಬಿಡಲು ಲೈಸೆನ್ಸ್ ಇರಲಿಲ್ಲ, ಅದಕ್ಕೆ ಅವರು ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ಸ್ವಸಹಾಯ ಸಂಘದ ಹೆಂಗಸರು ಮೈಕ್ ಮುಂದೆ ಕೂತು ಕಾರ್ಯಕ್ರಮ ಮಾಡಿದರು. ಆಗ ಗುಡಿಬಂಡೆಯೂ ಕೋಲಾರ ಜಿಲ್ಲೆಯಲ್ಲೇ ಇತ್ತು, ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ನಮ್ಮದೇ ಜಿಲ್ಲೆಯಲ್ಲಿ ಆಗಿದ್ದು ಇಷ್ಟು ವರ್ಷವಾದರೂ ನಮ್ಮೂರಿಗೆ ಬಂದಿಲ್ಲ. ತುಮಕೂರಿನಲ್ಲಿ ರೇಡಿಯೋ ಸಿದ್ಧಾರ್ಥ ಇದೆ. ದೂರದ ಉತ್ತರಾಖಂಡದಲ್ಲಿ, ಚಂಬಾ ಅನ್ನುವ ಬೆಟ್ಟದೂರಿನಲ್ಲಿ, ಹೆಂವಲ್‌ವಾಣಿ ಅಂತ ಅಲ್ಲಿನ ಜನರ ರೇಡಿಯೋ ಇದೆ. ನಮ್ಮದೂ ಬೆಟ್ಟದ ಬುಡದ ಊರೇ.

ಬೆಟ್ಟ ಅಂದೆ. ಕೋಟೆ ಮೇಲೆ ಕಂಬ ನೆಡಿ ಅಂತ ನಾನು ಕೇಳುತ್ತಿಲ್ಲ. ಆ ಕೋಟೆ ಇರುವ ನಮ್ಮ ಸುರಸದ್ಮಗಿರಿ ಬೆಟ್ಟಕ್ಕೆ ಒಂದು ಮೊಳೆಯೂ ಬೇಡ. ಸಮುದಾಯ ರೇಡಿಯೋಗೆ ಸಾಮಾನ್ಯವಾಗಿ ಕೊಡುವುದು 100 ವ್ಯಾಟ್ ಶಕ್ತಿ, ಕಂಬ ನೆಲದಿಂದ ಸುಮಾರು 30 ಮೀಟರ್. 10 ಕಿಲೋಮೀಟರ್ ಆಸುಪಾಸು ಕೇಳಿಸಿದರೆ ದೊಡ್ಡದು. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಬಂಡೆ ಅಡ್ಡ ಬಂದರೆ ಅದರ ಹಿಂದಿನ ಊರಿಗೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಜಾಗ ಆರಿಸುವಾಗ ಬೆಟ್ಟದ ಹಿಂದಿನ ಹಳ್ಳಿಗಳನ್ನು ಮರೆಯಬಾರದು. ಯಾವಾಗಲೂ ಮರೆಯುವುದು ಅವರನ್ನೇ.

ನೇರವಾಗಿ ಇನ್ನೊಂದು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ರೇಡಿಯೋ ನಿಮ್ಮದಾಗುವುದಿಲ್ಲ. ರಾಜಕೀಯ ಪಕ್ಷಗಳಿಗೆ, ಅವುಗಳ ಸಂಘಟನೆಗಳಿಗೆ ಲೈಸೆನ್ಸ್ ಕೊಡುವುದಿಲ್ಲ ಅಂತ ನಿಯಮವೇ ಇದೆ. ಸ್ವಂತ ಸುದ್ದಿ ಓದುವ ಹಾಗೂ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಕೊಡಬಹುದು ಅಷ್ಟೇ. ಕರೆಂಟ್ ಯಾವಾಗ ಬರುತ್ತೆ, ನೀರು ಯಾವಾಗ ಬಿಡುತ್ತಾರೆ, ಪರೀಕ್ಷೆ, ಜಾತ್ರೆ, ಹವಾಮಾನ ಇವನ್ನು ಹೇಳಬಹುದು. ಕಾರ್ಯಕ್ರಮದಲ್ಲಿ ಅರ್ಧಕ್ಕಾದರೂ ಸ್ಥಳೀಯರು ಕೈ ಹಾಕಿರಬೇಕು, ಸಾಧ್ಯವಾದಷ್ಟೂ ಸ್ಥಳೀಯರ ಮಾತಿನಲ್ಲೇ ಇರಬೇಕು. ನಮಗೆ ಇದಕ್ಕಿಂತ ಬೇರೆ ಬೇಕಿಲ್ಲ. ನಿಮ್ಮ ಹೆಸರಿನ ಜಾಹೀರಾತು ಇಲ್ಲದಿದ್ದರೂ ನೀವು ಇದನ್ನು ಮಾಡಿಕೊಡುತ್ತೀರಿ ಅಂತ ನಂಬಿ ಬರೆಯುತ್ತಿದ್ದೇನೆ.

ನಾವು ಕೇಳುವುದು ಇಷ್ಟು. ಹೊಸ ಸಂಘ ಕಟ್ಟಿದರೆ ನೋಂದಣಿ ಆಗಿ 3 ವರ್ಷ ಕಾಯಬೇಕು, ಅಷ್ಟರಲ್ಲಿ ಇನ್ನೆಷ್ಟು ಹಾಡು ಹೋಗುತ್ತವೋ. ಶಿಕ್ಷಣ ಸಂಸ್ಥೆ ಅರ್ಜಿ ಹಾಕಿದರೆ ಆ ಕಾಯುವುದು ತಪ್ಪುತ್ತದೆ. ನಮ್ಮ ತಾಲ್ಲೂಕಿನ ಕಾಲೇಜಿನವರನ್ನು, ಸ್ವಸಹಾಯ ಸಂಘದವರನ್ನು, ನಾಲ್ಕು ಜನ ಕಲಾವಿದರನ್ನು ಒಂದು ದಿನ ಕೂರಿಸಿ ಮಾತಾಡಿಸಿ. ಖಾಲಿ ಬಿದ್ದಿರುವ ಯಾವುದಾದರೂ ಸರ್ಕಾರಿ ಕಟ್ಟಡದಲ್ಲಿ ಎರಡು ಕೋಣೆ ಕೊಡಿಸಿ. ಒಂದಕ್ಕೆ ಬಾಗಿಲು ಕಿಟಕಿ ಭದ್ರವಾಗಿ ಮುಚ್ಚುವ ಹಾಗಿರಲಿ, ಹೊರಗಿನ ಲಾರಿ ಸದ್ದು ಒಳಗೆ ಬರಬಾರದು. ಯಂತ್ರಗಳ ಖರ್ಚಿಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ನೆರವು ಸಿಗುತ್ತದೆ, ಆ ಅರ್ಜಿಯೂ ಜೊತೆಗೇ ಹೋಗಲಿ. ಹಾಡುವವರನ್ನು ಹುಡುಕಿ ಕರೆತರುವ ಕೆಲಸ ನನ್ನದು. ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗಲು ಇನ್ನೂ ಐದಾರು ಜನ ಒಪ್ಪಿದ್ದಾರೆ.

ಲೈಸೆನ್ಸ್ ಬರುವವರೆಗೂ ನಾವು ಸುಮ್ಮನಿರುವುದಿಲ್ಲ. ಈ ಸಲದ ಅವರೆಕಾಯಿ ಕಾಲಕ್ಕೆ ಒಂದು ಒಳ್ಳೆ ರೆಕಾರ್ಡರ್ ತಂದು ಮನೆಮನೆಗೆ ಹೋಗುತ್ತಿದ್ದೇವೆ, ಮೊದಲು ಬೆಟ್ಟದ ಹಿಂದಿನ ಊರುಗಳಿಗೆ. ಅಜ್ಜಿಯ ಆ ಎರಡು ನುಡಿಯನ್ನೂ ಕೇಳಿಕೊಂಡು ಬರಬೇಕು. ಅಷ್ಟರೊಳಗೆ ಕಾಲೇಜಿನವರ ಜೊತೆ ಒಂದು ಸಭೆಯ ದಿನ ಗೊತ್ತು ಮಾಡಿ ತಿಳಿಸಿ ಸಾರ್. ಬೆಳಗ್ಗೆ 10 ಗಂಟೆಯ ಮೇಲೆ ಇಟ್ಟರೆ ಒಳ್ಳೆಯದು, ಅಷ್ಟು ಹೊತ್ತಿಗೆ ಹುಳಕ್ಕೆ ಸೊಪ್ಪು ಹಾಕಿ ಬರುತ್ತೇನೆ.

ಇಂತಿ,
ಗುಡಿಬಂಡೆ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರ